ದುಡ್ಡು ಕೊಡುವವರು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೆಂಗಸರಿಗೆ ಬಸ್ಸು ಉಚಿತ ಮಾಡಿ ಸರ್ಕಾರ ದಿವಾಳಿಯಾಗುತ್ತಿದೆ ಅಂತ ನಮ್ಮ ಅಂಗಡಿಗೆ ಬರುವವರೆಲ್ಲ ಹೇಳುತ್ತಾರೆ. ನನ್ನ ಹೆಂಡತಿ ಅದೇ ಬಸ್ಸಲ್ಲಿ ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತಾಳೆ. ನಾನು ಯಾರ ಕಡೆ ಮಾತಾಡಲಿ? (ಓದುಗರು, ಮದ್ದೂರು)

ಉತ್ತರ: ಮೊದಲು ಲೆಕ್ಕ ನೋಡೋಣ. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸೇರಿ ಇಟ್ಟದ್ದು 51,034 ಕೋಟಿ, ಅಂದರೆ ಹೆಚ್ಚುಕಮ್ಮಿ ಎಂಟರಲ್ಲಿ ಒಂದು ಪಾಲು. ಬಸ್ಸಿನ ಶಕ್ತಿ ಯೋಜನೆಗೆ ಇರುವುದು ಅದರಲ್ಲೂ ಸಣ್ಣ ಭಾಗ, 5,300 ಕೋಟಿ. ಇಷ್ಟರಿಂದಲೇ ದಿವಾಳಿ ಅನ್ನುವುದು ತಪ್ಪು. ಇದೇನು ಮಹಾ ಅನ್ನುವುದೂ ತಪ್ಪು.

ಈಗ ನಿಮ್ಮ ಮನೆ ಲೆಕ್ಕ. ಒಂದು ಕಡೆಗೆ 25 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 26 ದಿನ ಕೆಲಸ. 1,300 ರೂಪಾಯಿ ಉಳಿಯಿತು. ಗಾರ್ಮೆಂಟ್ಸ್ ಸಂಬಳದಲ್ಲಿ ಅದು ಎಷ್ಟು ದೊಡ್ಡ ಮೊತ್ತ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಬಸ್ ಚಾರ್ಜು ಕೊಟ್ಟು ಕೈಗೆ ಏನೂ ಉಳಿಯಲ್ಲ ಅಂತ ಮನೆಯಲ್ಲೇ ಕೂತಿದ್ದ ಹೆಣ್ಣುಮಗಳು ಕೆಲಸಕ್ಕೆ ಹೊರಟರೆ, ಆಕೆ ದುಡಿದದ್ದು ನಿಮ್ಮಂಥ ಅಂಗಡಿಗೇ ಬರುತ್ತದೆ, ಅಲ್ವಾ? ನನ್ನ ಅಭಿಪ್ರಾಯ ಕೇಳಿದರೆ ಯೋಜನೆ ಒಳ್ಳೆಯದು, ಇರಲೇಬೇಕು.

ಆದರೆ ಟೀಕೆ ಮಾಡುವವರ ಬಾಯಿ ಮುಚ್ಚಿಸಬೇಡಿ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ನೋಡಿದ್ದೀರಲ್ಲ, ಅದು ಯಾಕೆ ಕೊಡುತ್ತಾರೆ ಗೊತ್ತೇ? ಹೆಂಗಸರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಲೆಕ್ಕ ಇಟ್ಟು, ಆ ದುಡ್ಡನ್ನು ಸಾರಿಗೆ ನಿಗಮ ಸರ್ಕಾರದಿಂದ ವಸೂಲಿ ಮಾಡಬೇಕು. ಸರ್ಕಾರ ಪೂರ್ತಿ ಕೊಡದಿದ್ದರೆ, ತಡ ಮಾಡಿದರೆ, ಡೀಸೆಲ್ ಬಾಕಿ, ರಿಪೇರಿ ಬಾಕಿ, ನೌಕರರ ಬಾಕಿ ಒಂದೊಂದಾಗಿ ಏರುತ್ತವೆ. 2023ರ ಜೂನ್ 11ಕ್ಕೆ ಶುರುವಾದ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿದೆ. ಅದೇ ವೇಗದಲ್ಲಿ ಬಸ್ಸು ಹೆಚ್ಚಾಗದಿದ್ದರೆ ಬೆಳಗ್ಗೆ ಕಾಲೇಜಿಗೆ ಹೋಗುವ ಹುಡುಗ ಫುಟ್‌ಬೋರ್ಡ್ ಮೇಲೆ ನೇತಾಡಬೇಕಾಗುತ್ತದೆ. ಜೊತೆಗೆ 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿತು. ಆ ಏರಿಕೆ ಬಿದ್ದದ್ದು ಟಿಕೆಟ್ ಕೊಳ್ಳುವ ಗಂಡಸರ ಜೇಬಿಗೆ. ಅವರಲ್ಲೂ ಕೂಲಿಯವರಿದ್ದಾರೆ. ಹಾಗಾಗಿ ಅಂಗಡಿಯಲ್ಲಿ ಮಾತು ಬಂದಾಗ ಉಚಿತ ಬೇಕೋ ಬೇಡವೋ ಅಂತ ಜಗಳ ಆಡಬೇಡಿ. ನಿಗಮಕ್ಕೆ ದುಡ್ಡು ಸಮಯಕ್ಕೆ ಸಂದಾಯವಾಯಿತೇ, ನಮ್ಮ ರೂಟಿಗೆ ಹೊಸ ಬಸ್ಸು ಎಷ್ಟು ಬಂತು ಅಂತ ಕೇಳಿ. ಈ ಪ್ರಶ್ನೆಯಲ್ಲಿ ನೀವೂ ಅವರೂ ಒಂದೇ ಕಡೆ ಇರುತ್ತೀರಿ.

ಪ್ರಶ್ನೆ: ಆರ್ಥಿಕ ವಿಷಯ ಮಾತಾಡಲು ಹೋದರೆ ನೀನು ಯಾವ ಪಕ್ಷ ಅಂತ ಕೇಳುತ್ತಾರೆ. ಏನು ಮಾಡುವುದು? (ವಿದ್ಯಾರ್ಥಿನಿ, ಗದಗ)

ಉತ್ತರ: ಉತ್ತರ ಕೊಡಬೇಡಿ, ಇದರಲ್ಲಿ ದುಡ್ಡು ಯಾರಿಗೆ ಬರುತ್ತೆ, ಯಾರಿಂದ ಹೋಗುತ್ತೆ ಅಂತ ಕೇಳಿ. ಆಮೇಲೂ ಜಗಳ ಆದರೆ ಆಗಲಿ. ಸುಮ್ನೆ ಇರುವುದಕ್ಕಿಂತ ಅದು ಒಳ್ಳೆಯದು.

ಪ್ರಶ್ನೆ: ನಮ್ಮದು ಸಣ್ಣ ಕಾಂಡಿಮೆಂಟ್ಸ್ ಅಂಗಡಿ. ಜಿಎಸ್‌ಟಿ ನೋಟಿಸ್ ಗಲಾಟೆ ಆದಾಗ ಹೆದರಿ ಕ್ಯೂಆರ್ ಕೋಡ್ ಕಿತ್ತುಹಾಕಿದೆ. ಈಗ ಗಿರಾಕಿಗಳು ಕ್ಯಾಶ್ ಇಲ್ಲ ಅಂತ ಪಕ್ಕದ ಅಂಗಡಿಗೆ ಹೋಗುತ್ತಾರೆ. ಈ ಯುಪಿಐ ನಮ್ಮಂಥವರಿಗೆ ಮೋಸ ಅಲ್ವಾ? (ಓದುಗರು, ಬೆಂಗಳೂರು)

ಉತ್ತರ: ಕೋಡ್ ಮತ್ತೆ ಅಂಟಿಸಿ. ನಿಯಮ ಯುಪಿಐಗಲ್ಲ, ವಹಿವಾಟಿಗೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಕ್ಯಾಶ್‌ನಲ್ಲಿ ಬಂದದ್ದೂ ಇದಕ್ಕೆ ಸೇರುತ್ತದೆ. ಕೋಡ್ ಕಿತ್ತರೆ ಗಿರಾಕಿ ಹೋಗುತ್ತಾರೆ ಅಷ್ಟೇ, ಕಾನೂನು ಅಲ್ಲೇ ಇರುತ್ತದೆ.

ನಿಮ್ಮ ಸಿಟ್ಟಿಗೆ ಕಾರಣ ಇದೆ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ ಗಲ್ಲಾಪೆಟ್ಟಿಗೆಗೆ ಬಂದರೆ ಸಾಕು. ಬೀಡಿ, ಸಿಗರೇಟು, ಹಾಲಿನ ಪ್ಯಾಕೆಟ್ ಮಾರುವ ಅಂಗಡಿಯಲ್ಲಿ ಅಷ್ಟು ಬರುತ್ತದೆ, ಆದರೆ ಲಾಭ ತೀರಾ ತೆಳು. ವಹಿವಾಟು ಬೇರೆ, ಲಾಭ ಬೇರೆ. 2025ರ ಜುಲೈನಲ್ಲಿ ಹಲವು ವರ್ಷಗಳ ವಹಿವಾಟಿಗೆ ಒಟ್ಟಿಗೆ ತೆರಿಗೆ ಹಾಕಿದ ನೋಟಿಸ್ ಕೈಗೆ ಬಂದಾಗ ಎದೆ ಒಡೆಯದೆ ಇರುತ್ತದೆಯೇ? ಯುಪಿಐ ಬಂದದ್ದು 2016ರಲ್ಲಿ. 2020ರ ಜನವರಿಯಿಂದ ಅಂಗಡಿಯವರಿಗೆ ಅದರ ಶುಲ್ಕವೂ ಇಲ್ಲ. ಪುಕ್ಕಟೆ ಸಿಕ್ಕಿತು, ಚಿಲ್ಲರೆ ತಾಪತ್ರಯ ತಪ್ಪಿತು ಅಂತ ಎಲ್ಲರೂ ಹಾಕಿಸಿಕೊಂಡರು. ಒಂದೊಂದು ರೂಪಾಯಿಗೂ ದಾಖಲೆ ಉಳಿಯುತ್ತದೆ, ಇಷ್ಟು ದಾಟಿದರೆ ಹೀಗೆ ಮಾಡಿ ಅಂತ ಮಾರ್ಕೆಟ್ಟಿಗೆ ಬಂದು ಕನ್ನಡದಲ್ಲಿ ಹೇಳಿ, ಆಮೇಲೆ ನೋಟಿಸ್ ಕಳಿಸಬೇಕಿತ್ತು. ಗಲಾಟೆ ಜೋರಾದ ಮೇಲೆ, ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದರು.

ನೀವು ಮಾಡಬೇಕಾದ್ದು ಇಷ್ಟು. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಇಡಿ. ಚೀಟಿ ದುಡ್ಡು, ಬಾಮೈದ ವಾಪಸ್ ಕೊಟ್ಟ ಸಾಲ ಎಲ್ಲ ಅದೇ ಕೋಡ್‌ಗೆ ಬಂದರೆ ವ್ಯಾಪಾರ ಅಂತಲೇ ಲೆಕ್ಕ ಹಿಡಿಯುತ್ತಾರೆ. ಮಿತಿ ದಾಟುತ್ತಿದ್ದರೆ ರಾಜಿ ತೆರಿಗೆ ಪದ್ಧತಿ ಕೇಳಿ, ಕಾಂಪೊಸಿಷನ್ ಅಂತ ಅಕೌಂಟೆಂಟ್‌ಗಳು ಹೇಳುತ್ತಾರಲ್ಲ, ಅದೇ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ಶೇ. 1 ತೆರಿಗೆ. ಹೋಟೆಲಿನವರಿಗೆ ಶೇ. 5. ಬರೀ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ.

ಪ್ರಶ್ನೆ: ತೋಟಕ್ಕೆ ಕಾರ್ಬನ್ ಫೈಬರ್ ದೋಟಿ ತಂದೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಹೊಟ್ಟೆ ಮೇಲೆ ಹೊಡೆದೆ ಅಂತ ಅಪ್ಪ ಮಾತು ಬಿಟ್ಟಿದ್ದಾರೆ. (ಅಡಿಕೆ ಬೆಳೆಗಾರ, ಶಿರಸಿ)

ಉತ್ತರ: ಮಳೆಗಾಲದಲ್ಲಿ ಪಾಚಿ ಹಿಡಿದ ಮರ ಹತ್ತಿ, ತುದಿಯಲ್ಲಿ ಕೂತು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ಕೆಲಸ ನಿಮ್ಮ ಮಗನಿಗೆ ಬೇಕೇ ಅಂತ ಅಪ್ಪನನ್ನು ಕೇಳಿ. ಕೊನೆಗೌಡನ ಮಗನಿಗೂ ಬೇಡ. ನೆಲದ ಮೇಲೆ ನಿಂತೇ ಮದ್ದು ಹೊಡೆಯುವ, ಕೊನೆ ಕೊಯ್ಯುವ ಸಾಧನ ಬಂದದ್ದು ನಿಜಕ್ಕೂ ದೊಡ್ಡ ವಿಷಯ. ಆದರೆ ಅಪ್ಪನ ಮಾತಿಗೂ ಬೆಲೆ ಕೊಡಿ. ದೋಟಿಯನ್ನು ಕೊನೆಗೌಡನ ಕೈಗೇ ಕೊಡಿ. ಯಾವ ಕೊನೆ ಬಲಿತಿದೆ ಅಂತ ಕೆಳಗಿನಿಂದಲೇ ಹೇಳುವ ಕಣ್ಣು ಅವನದು. ಮರ ಹತ್ತುವುದಿಲ್ಲ ಅಂತ ಕೂಲಿ ಕಡಿಮೆ ಮಾಡಬೇಡಿ. ದಿನವಿಡೀ ಕತ್ತೆತ್ತಿ ಉದ್ದನೆ ದೋಟಿ ಹಿಡಿಯುವುದೂ ಸುಲಭದ ಕೆಲಸವಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಅಡಿಕೆ ಸುಲಿಯುವ ಯಂತ್ರ ಬಂದಾಗ ಮೆಟ್ಟುಗತ್ತಿ ಮುಂದೆ ಕೂತು ಸುಲಿದು, ಡಬ್ಬದ ಲೆಕ್ಕದಲ್ಲಿ ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸರ ಬಗ್ಗೆ ಯಾರ ಮನೆಯಲ್ಲೂ ಹೀಗೆ ಮಾತು ಬಿಟ್ಟಿರಲಿಲ್ಲ. ಅವರಿಗೆ ಬದಲಿ ಕೆಲಸ ಏನು ಅಂತ ಯಾರೂ ಕೇಳಲಿಲ್ಲ. ಈಗಲಾದರೂ ನಿಮ್ಮ ಸೊಸೈಟಿ ಸಭೆಯಲ್ಲಿ ಕೇಳಿ.

ಪ್ರಶ್ನೆ: ಚಂದ್ರನ ಮೇಲೆ ಯಂತ್ರ ಇಳಿಸುವ ದೇಶದಲ್ಲಿ ಮ್ಯಾನ್‌ಹೋಲ್‌ಗೆ ಮನುಷ್ಯ ಯಾಕೆ ಇಳಿಯಬೇಕು? ತಂತ್ರಜ್ಞಾನ ಇಲ್ಲವೇ? (ಶಿಕ್ಷಕರು, ತುಮಕೂರು)

ಉತ್ತರ: ಇದೆ. ನೀರು ರಭಸವಾಗಿ ನುಗ್ಗಿಸುವ ಜೆಟ್ಟಿಂಗ್ ಯಂತ್ರ, ಹೀರುವ ಗಾಡಿ ಎಷ್ಟೋ ವರ್ಷಗಳಿಂದ ಇವೆ. 2018ರಲ್ಲಿ ಕೇರಳದ ಹುಡುಗರು ಬ್ಯಾಂಡಿಕೂಟ್ ಅನ್ನುವ ರೋಬೋಟ್ ಕೂಡ ತಂದರು. ಕಾನೂನೂ ಇದೆ. 1970ರ ದಶಕದಲ್ಲೇ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಷೇಧಿಸಿದರು. ಆಮೇಲೆ 1993ರ ಕೇಂದ್ರ ಕಾಯ್ದೆ, ಮತ್ತೆ 2013ರ ಕಾಯ್ದೆ. ಇಷ್ಟಿದ್ದೂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಮನೆಯವರೇ ಮಾಡುತ್ತಿದ್ದ ಈ ಕೆಲಸ ನಿಲ್ಲಿಸಲು ಇಡೀ ಬದುಕು ಹೋರಾಡಬೇಕಾಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಾವು ನಿಂತಿಲ್ಲ.

ಯಾಕೆ ಅಂದರೆ ಗಾಡಿ ಕರೆಸಿದರೆ ಬಾಡಿಗೆ ಕೊಡಬೇಕು. ಮನುಷ್ಯನನ್ನು ಇಳಿಸಿದರೆ ಕೆಲವು ನೂರು ರೂಪಾಯಿಗೆ ಮುಗಿಯುತ್ತದೆ. ಆ ದರಕ್ಕೆ ಇಳಿಯುವವರು ಯಾವ ಜಾತಿಯವರು ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಯಾರಿಗೂ ಅವಸರ ಇಲ್ಲ. ಮೇಷ್ಟ್ರೇ, ಕೊರತೆ ಇರುವುದು ಯಂತ್ರಕ್ಕಲ್ಲ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯದ ಹಾಗೆ ಮಾಡುತ್ತದೆ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ವಾಪಸ್ ಬರುವುದಿಲ್ಲ. ಪತ್ರಿಕೆಯಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಬರುವುದು ಇದಕ್ಕೇ. ಇಂಥ ಸಾವಿಗೆ 2014ರಲ್ಲಿ 10 ಲಕ್ಷ ಪರಿಹಾರ ಅಂತ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ನಿಮ್ಮ ಶಾಲೆಯ, ನಿಮ್ಮ ಬೀದಿಯ ಗುಂಡಿ ತುಂಬಿದಾಗ ಹೀರುವ ಗಾಡಿಯನ್ನೇ ಕರೆಸಿ. ಬಾಡಿಗೆಯನ್ನು ಮನೆಮನೆಗೂ ಹಂಚಿಕೊಳ್ಳಿ. ಯಾರಾದರೂ ಒಬ್ಬ ಆಳನ್ನು ಇಳಿಸಿದರಾಯಿತು ಅಂದರೆ ತಡೆಯಿರಿ. ರಕ್ಷಣೆ ಇಲ್ಲದೆ ಗುಂಡಿಗೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು ಅಂತ 2013ರ ಕಾಯ್ದೆಯಲ್ಲೇ ಇದೆ ಅಂತ ಹೇಳಿ.