"ಎತ್ತಿಕೊಂಡರೆ ಯಾರದ್ದೋ ಮಗು ಅನಿಸುತ್ತೆ"

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಚೊಚ್ಚಲ ಹೆರಿಗೆ, ತುರ್ತು ಸಿಸೇರಿಯನ್. ಉಸಿರಾಟದ ತೊಂದರೆ ಇದ್ದಿದ್ದರಿಂದ ಮಗುವನ್ನು ಹುಟ್ಟಿದ ಕೂಡಲೇ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ) ಒಯ್ದರು. ತಾಯಿಯ ಕೈಗೆ ಬಂದಿದ್ದು ಐದನೇ ದಿನ. ನನ್ನ ಬಳಿ ಬಂದಾಗ ಮಗುವಿಗೆ 19 ದಿನ.

ಮಗು ಗಂಡನ ತೋಳಲ್ಲಿತ್ತು. ಅದು ಅತ್ತಾಗ ತಾಯಿಯ ಕೈ ಮುಂದಕ್ಕೆ ಹೋಯಿತು, ಅರ್ಧಕ್ಕೇ ನಿಂತು ಮಡಿಲಿಗೆ ವಾಪಸ್ ಬಂತು.

"ಮೊದಲ ಗಂಟೆಯಲ್ಲೇ ಬಾಂಧವ್ಯ ಬೆಳೆಯುತ್ತಂತೆ. ನನಗೆ ಅದು ತಪ್ಪಿಹೋಯ್ತು ಮೇಡಂ. ಇವನನ್ನ ಎತ್ತಿಕೊಂಡರೆ ಯಾರದ್ದೋ ಮಗು ಅನಿಸುತ್ತೆ."

ಮೊದಲ ಗಂಟೆ ಮುಖ್ಯ ಅನ್ನೋದು ನಿಜ. ಹುಟ್ಟಿದ ಕೂಡಲೇ ಮಗುವನ್ನು ಅಮ್ಮನ ಬರಿ ಎದೆಯ ಮೇಲೆ ಮಲಗಿಸಿ, ಗಂಟೆಯೊಳಗೆ ಹಾಲೂಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮಗುವಿನ ಮೈ ಬೆಚ್ಚಗಿರುತ್ತದೆ, ಹಾಲು ಕುಡಿಯೋದು ಸುಲಭವಾಗುತ್ತದೆ. ಆದರೆ ಆ ಗಂಟೆ ಹೋದರೆ ಎಲ್ಲಾ ಹೋಯಿತು ಅನ್ನೋದು ಸುಳ್ಳು. ಈ ಮಾತು ಎಷ್ಟು ತಾಯಂದಿರ ನಿದ್ದೆ ಕೆಡಿಸಿದೆಯೋ! 1970ರ ದಶಕದಲ್ಲಿ ಆ ಹೊತ್ತಿನ ಮಹತ್ವ ಸಾರಿದ ಮಕ್ಕಳ ವೈದ್ಯರಾದ ಕ್ಲೌಸ್ ಮತ್ತು ಕೆನೆಲ್ ಕೂಡ, ಬಾಂಧವ್ಯಕ್ಕೆ ಅದೊಂದೇ ದಾರಿಯಲ್ಲ ಎಂದು ಆಮೇಲೆ ಹೇಳಿದರು.

"ಆ ಐದು ದಿನ ನೀವು ಏನು ಮಾಡ್ತಿದ್ರಿ?" ಎಂದು ಕೇಳಿದೆ.

"ಮೂರು ಗಂಟೆಗೊಮ್ಮೆ ಹಾಲು ತೆಗೆದು ಕಳಿಸ್ತಿದ್ದೆ."

"ಹೊಲಿಗೆ ನೋವಲ್ಲಿ, ರಾತ್ರಿಯೂ ಎದ್ದು? ಯಾರದ್ದೋ ಮಗುವಿಗಾಗಿ?"

ತುಂಬಾ ಹೊತ್ತು ಅತ್ತರು. ನಾನು ಸುಮ್ನೆ ಕೂತಿದ್ದೆ.

ಆಮೇಲೆ ಹೇಳಿದ್ದು ಇಷ್ಟು. ದಿನಾ ಒಂದು ಗಂಟೆ, ಬರೀ ಡೈಪರ್‌ನಲ್ಲಿ ಮಗುವನ್ನು ಎದೆಗೆ ಒರಗಿಸಿಕೊಳ್ಳಿ. ಬೆನ್ನಿಗೆ ಹೊದಿಕೆ ಇರಲಿ, ಮುಖ ಪಕ್ಕಕ್ಕಿರಲಿ, ಮೂಗು ಮುಚ್ಚದಿರಲಿ. ನಿದ್ದೆ ಬಂದರೆ ಗಂಡನ ಕೈಗೆ ಕೊಡಿ. ಹತ್ತಿರದಿಂದ ಮಾತಾಡಿಸಿ. ಮಗುವಿಗೆ ಸರಿಯಾಗಿ ಕಾಣೋದು 20–30 ಸೆಂಟಿಮೀಟರ್ ದೂರದವರೆಗೆ ಅಷ್ಟೇ. ನಿಮ್ಮ ದನಿ ಮಾತ್ರ ಹೊಟ್ಟೆಯಲ್ಲಿದ್ದಾಗಲೇ ಪರಿಚಯ. ಪ್ರೀತಿ ಬಂತಾ ಎಂದು ದಿನಾ ಅಳೆಯಬೇಡಿ.

ಇನ್ನೊಂದು ವಿಷಯ ಬಿಡುವಂತಿರಲಿಲ್ಲ. ಹೆರಿಗೆಯ ನಂತರದ ಅಳು, ಬೇಸರ ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತದೆ. ಇವರದ್ದು ಜಾಸ್ತಿಯಾಗುತ್ತಿತ್ತು. ಹಾಗಾಗಿ ಮನೋವೈದ್ಯರ ಬಳಿ ಕಳಿಸಿದೆ. ಹಾಲೂಡಿಸುವಾಗ ಕೊಡಬಹುದಾದ ಔಷಧಿಗಳೂ ಇವೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಹೆಂಡತಿಗೆ ಬಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಗಂಡನಿಗೂ ಹೇಳಿದೆ.

ನಾಲ್ಕನೇ ಭೇಟಿಗೆ ಮಗು ಅವರ ಎದೆಯ ಮೇಲೇ ಇತ್ತು. ನಾನು ಕೇಳುವ ಮೊದಲೇ ಅಂದರು: "ಇವನಿಗೆ ಎಡಗಡೆ ಒರಗಿದ್ರೇನೇ ನಿದ್ದೆ ಮೇಡಂ. ಬಲಗಡೆ ಹಾಕಿದ್ರೆ ಜಗಳ."