76 ವರ್ಷದ ಅಪ್ಪನ ಬೆರಳಚ್ಚು ಬೀಳುತ್ತಿಲ್ಲ, ಸಹಿ ಹೊಂದುತ್ತಿಲ್ಲ, ಕಚೇರಿಯವರು ಗದರಿ ಕಳಿಸುತ್ತಾರೆ. ಏನು ಮಾಡಲಿ?

ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿಬಿಡಿ: ಬೆರಳಚ್ಚು ಬೀಳದಿರುವುದು ಅವರ ತಪ್ಪಲ್ಲ, ಸಹಿ ಬದಲಾಗಿರುವುದೂ ಅವರ ತಪ್ಪಲ್ಲ. ನಾಲ್ಕು ಜನರ ಮುಂದೆ ‘ಸರಿಯಾಗಿ ಒತ್ರೀ’ ಎಂದು ಗದರಿಸಿಕೊಂಡ ಹಿರಿಯರು ಮನೆಗೆ ಬಂದು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಾ ಕೂರುತ್ತಾರೆ. ಕಚೇರಿಯ ಕೆಲಸ ಒಂದು ವಾರ ತಡವಾದರೂ ಪರವಾಗಿಲ್ಲ, ಆ ಸಂಕೋಚ ಅವರಿಗೆ ಅಂಟಿಕೊಳ್ಳಬಾರದು.

ನೀವು ಬರೆದದ್ದು ಇಷ್ಟು: ಬ್ಯಾಂಕಿನಲ್ಲಿ ಇಪಿಎಫ್ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬೆರಳು ಬೀಳಲಿಲ್ಲ, ಹಣ ತೆಗೆಯುವ ಚೀಟಿಯ ಸಹಿ ಹೊಂದಲಿಲ್ಲ, ನ್ಯಾಯಬೆಲೆ ಅಂಗಡಿಯಲ್ಲಿ ‘ಥಂಬ್ ಬರ್ತಿಲ್ಲ’ ಎಂದು ವಾಪಸ್ ಕಳಿಸಿದರು, ನಾಡಕಚೇರಿಗೆ ಕೊಟ್ಟ ಅರ್ಜಿ ಮೂರು ತಿಂಗಳಿಂದ ಕದಲಿಲ್ಲ, ಕೇಳಿದರೆ ‘ನಾಳೆ ಬನ್ನಿ’.

ಬೆರಳಿನಿಂದಲೇ ಶುರುಮಾಡೋಣ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ, ಬೆವರು ಕಡಿಮೆಯಾಗಿ ಒಣಗುತ್ತದೆ. ಬೆರಳ ತುದಿಯ ಗೆರೆಗಳ ಉಬ್ಬು ಕುಗ್ಗಿ, ಉಬ್ಬಿಗೂ ತಗ್ಗಿಗೂ ವ್ಯತ್ಯಾಸ ಉಳಿಯುವುದಿಲ್ಲ. ಯಂತ್ರ ಓದುವುದು ಆ ವ್ಯತ್ಯಾಸವನ್ನೇ. ಸಿಮೆಂಟು, ಸುಣ್ಣ, ಸೋಪಿನ ನೀರು, ಹಾರೆ ಹಿಡಿದು ದುಡಿದ ಕೈಯಾದರೆ ಗೆರೆ ಇನ್ನೂ ಬೇಗ ಸವೆಯುತ್ತದೆ. ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಾಬೈನ್ ಎಂಬ ಮಾತ್ರೆಯಿಂದ ಗೆರೆಗಳು ಅಳಿಸಿಹೋಗುವುದೂ ಉಂಟು.

ಹಾಗಾದರೆ ಯಂತ್ರದ ಮುಂದೆ ಏನು ಮಾಡಬೇಕು? ಬೆಚ್ಚನೆಯ ನೀರಿನಲ್ಲಿ ಕೈ ತೊಳೆದು, ಒರೆಸಿ, ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನೋ ಲೋಷನ್ನನ್ನೋ ತಿಕ್ಕಿ, ಐದು ನಿಮಿಷ ಬಿಟ್ಟು ಜಿಡ್ಡು ಒರೆಸಿಬಿಡಿ. ಚರ್ಮ ಮೆತ್ತಗಾಗಬೇಕು, ಮೇಲೆ ಪಸೆ ಉಳಿಯಬಾರದು. ಪಸೆ ಉಳಿದರೆ ಗೆರೆಗಳು ಕಲಸಿಕೊಂಡು ಕಪ್ಪು ಮಚ್ಚೆಯಂತೆ ಕಾಣುತ್ತವೆ. ಬೆರಳಿಡುವ ಮುನ್ನ ಯಂತ್ರದ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಲು ಹೇಳಿ, ಹಿಂದಿನವರ ಬೆರಳಿನ ಜಿಡ್ಡು ಅದರ ಮೇಲಿರುತ್ತದೆ. ನೇರ ಬಿಸಿಲು ಬೀಳುವ ಕಡೆ ಯಂತ್ರವಿದ್ದರೆ ನೆರಳಿಗೆ ಸರಿಸಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಬಲವಾಗಿ ಒತ್ತಬಾರದು. ‘ಗಟ್ಟಿಯಾಗಿ ಒತ್ತಿ’ ಎಂಬ ಸಲಹೆಯನ್ನೇ ಎಲ್ಲರೂ ಕೊಡುತ್ತಾರೆ. ವಯಸ್ಸಾದ ಚರ್ಮ ಒತ್ತಿದಷ್ಟೂ ಚಪ್ಪಟೆಯಾಗುತ್ತದೆ, ಇದ್ದ ಅಲ್ಪಸ್ವಲ್ಪ ಉಬ್ಬೂ ಅಳಿಸುತ್ತದೆ. ಬೆರಳನ್ನು ಗಾಜಿನ ಮೇಲೆ ಸಮವಾಗಿ ಇಟ್ಟು, ಉಗುರಿನ ಕಡೆಯಿಂದ ಹಗುರವಾಗಿ ಅದುಮಿ, ಮೂರು ನಾಲ್ಕು ಸೆಕೆಂಡ್ ಅಲುಗಾಡದೆ ಹಿಡಿದರೆ ಸಾಕು. ಹೆಬ್ಬೆರಳೇ ಆಗಬೇಕೆಂದೂ ಇಲ್ಲ. ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ; ಉಂಗುರದ ಬೆರಳು ಕಡಿಮೆ ಸವೆದಿರುವುದರಿಂದ ಎಷ್ಟೋ ಸಲ ಅದೇ ಬೀಳುತ್ತದೆ. ಒಮ್ಮೆ ಬಿದ್ದ ಬೆರಳು ಯಾವುದೆಂದು ಬರೆದಿಟ್ಟುಕೊಳ್ಳಿ.

ಬೀಳದಿದ್ದಾಗ ಪರದೆಯ ಮೇಲೆ ಬಂದ ಸಂಖ್ಯೆಯನ್ನು ಓದಿ ಹೇಳಲು ಕೇಳಿ. 300 ಎಂದು ಬಂದರೆ ಬೆರಳಚ್ಚು ದಾಖಲೆಯ ಜೊತೆ ಹೊಂದಲಿಲ್ಲ ಎಂದರ್ಥ. 330 ಎಂದು ಬಂದರೆ ಆಧಾರ್‌ನ ಬಯೊಮೆಟ್ರಿಕ್, ಅಂದರೆ ಬೆರಳು, ಕಣ್ಣಿನಂಥ ದೇಹದ ಗುರುತು, ಲಾಕ್ ಆಗಿದೆ. ವಂಚನೆಯ ಭಯದಿಂದ ಮನೆಯವರೇ ಯಾರೋ ಲಾಕ್ ಮಾಡಿ ಮರೆತಿರುತ್ತಾರೆ, ಬೆರಳನ್ನು ಎಷ್ಟು ತಿಕ್ಕಿದರೂ ಅದು ತೆರೆಯುವುದಿಲ್ಲ. 300 ಪದೇಪದೇ ಬರುತ್ತಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬಯೊಮೆಟ್ರಿಕ್ ಅಪ್‌ಡೇಟ್ ಮಾಡಿಸಿ: ಹತ್ತೂ ಬೆರಳು, ಎರಡೂ ಕಣ್ಣಿನ ಪಾಪೆ, ಮುಖ ಎಲ್ಲವನ್ನೂ ಹೊಸದಾಗಿ ತೆಗೆಯುತ್ತಾರೆ. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಮಾತ್ರ ಹೋಗಬೇಡಿ, ದಾಖಲಾದ ಕಣ್ಣು ಮುಂದೆ ಹೊಂದದೆ ಹೋಗಬಹುದು. ರೆಪ್ಪೆ ಜೋತುಬಿದ್ದಿದ್ದರೆ ಚಿತ್ರ ತೆಗೆಯುವಾಗ ಮೆಲ್ಲಗೆ ಮೇಲೆತ್ತಿ ಹಿಡಿಯಿರಿ.

ಇನ್ನು ಜೀವಿತ ಪ್ರಮಾಣಪತ್ರ. ಇದಕ್ಕೆ ಬೆರಳು ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2014ರ ನವೆಂಬರ್‌ನಲ್ಲಿ ಶುರುವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಗೆ 2021ರಿಂದ ಮುಖ ಗುರುತಿಸುವ ಸೌಲಭ್ಯ ಸೇರಿದೆ. ತೀರಾ ಹಳೆಯದಲ್ಲದ ಆಂಡ್ರಾಯ್ಡ್ ಫೋನು, 5 ಮೆಗಾಪಿಕ್ಸೆಲ್ಲಿನ ಮುಂದಿನ ಕ್ಯಾಮೆರಾ ಇದ್ದರೆ ಮನೆಯಲ್ಲೇ ಆಗುತ್ತದೆ. ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎಂಬ ಎರಡು ಆ್ಯಪ್ ಹಾಕಿಕೊಳ್ಳಿ. ಮೊದಲು ಫೋನ್ ಹಿಡಿದ ನೀವು ‘ಆಪರೇಟರ್’ ಆಗಿ ನಿಮ್ಮ ಆಧಾರ್, ಮೊಬೈಲ್, ಇಮೇಲ್, ಮುಖ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಆಮೇಲೆ ಅಪ್ಪನ ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆ ಸಂಖ್ಯೆ, ಪಿಂಚಣಿ ಮಂಜೂರು ಮಾಡಿದವರು, ಹಣ ಕೊಡುವವರು ಯಾರೆಂಬ ವಿವರ ತುಂಬಿ, ಅವರ ಮುಖ ತೋರಿಸಬೇಕು. ಕನ್ನಡಕ ತೆಗೆಸಿ, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಬೆನ್ನ ಹಿಂದೆ ಕಿಟಕಿ ಇರದಿರಲಿ, ಕಣ್ಣು ಮಿಟುಕಿಸಲು ಹೇಳಿ. ಕೊನೆಗೆ ‘ಪ್ರಮಾಣ್ ಐಡಿ’ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಐಡಿ ಬಂತೆಂದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಪಿಪಿಒ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ, ಹಣ ಕೊಡುವ ಸಂಸ್ಥೆಯನ್ನು ತಪ್ಪಾಗಿ ಆರಿಸಿದ್ದರೂ, ಪ್ರಮಾಣಪತ್ರ ಹುಟ್ಟುತ್ತದೆ, ಆದರೆ ಆಮೇಲೆ ಆ ಕಡೆಯವರು ಅದನ್ನು ತಿರಸ್ಕರಿಸುತ್ತಾರೆ. ಮೂರು ನಾಲ್ಕು ದಿನ ಬಿಟ್ಟು ಸ್ಥಿತಿ ನೋಡಲೇಬೇಕು. ಇಪಿಎಫ್ ಪಿಂಚಣಿದಾರರಿಗೆ ಇನ್ನೊಂದು ಅನುಕೂಲವಿದೆ: ನವೆಂಬರ್‌ಗೆ ಕಾಯಬೇಕಿಲ್ಲ, ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಹಾಗಾಗಿ ನೂಕುನುಗ್ಗಲಿಲ್ಲದ ತಿಂಗಳು ನೋಡಿಕೊಳ್ಳಿ. ಫೋನಿನ ಸಹವಾಸ ಬೇಡವೆಂದರೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯಣ್ಣನೇ ಮನೆಗೆ ಬಂದು ಸಣ್ಣ ಶುಲ್ಕಕ್ಕೆ ಮಾಡಿಕೊಡುತ್ತಾರೆ.

ಸಹಿಯ ವಿಚಾರಕ್ಕೆ ಬ್ಯಾಂಕಿನವರಿಗೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ಸೂಚನೆಯಿದೆ. ವಯಸ್ಸು ಅಥವಾ ಕಾಯಿಲೆಯಿಂದ ಸಹಿ ಮಾಡಲಾಗದ ಖಾತೆದಾರರು ಚೆಕ್ಕಿಗೋ ಹಣ ತೆಗೆಯುವ ಚೀಟಿಗೋ ಹೆಬ್ಬೆಟ್ಟು ಒತ್ತಬಹುದು, ಕೈಯೇ ಆಗದಿದ್ದರೆ ಕಾಲ್ಬೆರಳೂ ಆದೀತು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿ ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಕೈ ನಡುಗುತ್ತದೆ, ಆದರೂ ಸಹಿ ಮಾಡಬಲ್ಲರು ಎಂದಾದರೆ ಇಷ್ಟೆಲ್ಲ ಬೇಡ. ಈಗಿನ ಸಹಿಯನ್ನೇ ಹೊಸ ಮಾದರಿ ಸಹಿಯಾಗಿ ದಾಖಲಿಸಲು ಅರ್ಜಿ ಕೊಡಿ. 2017ರ ನವೆಂಬರ್‌ನ ಇನ್ನೊಂದು ಸೂಚನೆಯ ಪ್ರಕಾರ 70 ದಾಟಿದವರಿಗೆ ನಗದು ತಲುಪಿಸುವಂಥ ಮೂಲ ಸೇವೆಗಳನ್ನು ಮನೆ ಬಾಗಿಲಿಗೆ ಒದಗಿಸಲು ಬ್ಯಾಂಕುಗಳು ಪ್ರಯತ್ನಿಸಬೇಕು. ಶಾಖೆಯಲ್ಲಿ ಕೇಳಿ, ಒಪ್ಪದಿದ್ದರೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೇ ಮೊದಲು ದೂರು ಕೊಡದೆ ಅಲ್ಲಿಗೆ ಹೋದರೆ ತಿರಸ್ಕರಿಸುತ್ತಾರೆ.

ರೇಷನ್ ವಿಷಯ ಬೇಗ ಹೇಳಿಬಿಡುತ್ತೇನೆ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರಾದರೂ ಬೆರಳು ಕೊಟ್ಟರೆ ಸಾಕು. ಅಪ್ಪ ಒಬ್ಬರದ್ದೇ ಕಾರ್ಡಾಗಿದ್ದರೆ ಮೊಬೈಲಿಗೆ ಒಟಿಪಿ ಕಳಿಸಲು ಕೇಳಿ, ಅದಕ್ಕೆ ಅವರ ಚಾಲ್ತಿ ನಂಬರು ಆಧಾರ್‌ಗೆ ಜೋಡಣೆಯಾಗಿರಬೇಕು. ಬೆರಳು ಬೀಳಲಿಲ್ಲವೆಂಬ ಒಂದೇ ಕಾರಣಕ್ಕೆ ಸೌಲಭ್ಯ ನಿರಾಕರಿಸಬಾರದು, ಬೇರೆ ದಾರಿಯಲ್ಲಿ ಗುರುತಿಸಿ ಕೊಡಬೇಕು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರಂದು ಸುತ್ತೋಲೆ ಹೊರಡಿಸಿದೆ. ಅಂಗಡಿಯವರ ಜೊತೆ ವಾದ ಬೇಡ. ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ, 1967ಕ್ಕೆ ದೂರು ದಾಖಲಿಸಿ.

ಈಗ ನಾಡಕಚೇರಿ. ನಿಮ್ಮ ಪ್ರಶ್ನೆ ಓದಿ ನನಗೆ ಹೆಚ್ಚು ಬೇಸರವಾದದ್ದು ಇಲ್ಲಿ. ಮೂರು ತಿಂಗಳಲ್ಲಿ ಉತ್ತರವೆಂದು ಒಂದು ಕಾಗದವೂ ನಿಮ್ಮ ಕೈಗೆ ಬಂದಿಲ್ಲ. ಬಾಯಿಮಾತಿನ ‘ಇಲ್ಲ’ಕ್ಕೆ ಎಲ್ಲೂ ಮೇಲ್ಮನವಿ ಇಲ್ಲ, ‘ನಾಳೆ ಬನ್ನಿ’ ಎಂಬುದಕ್ಕಂತೂ ದಿನಾಂಕವೇ ಇಲ್ಲ. ಆದ್ದರಿಂದ ಜಗಳವಾಡದೆ ಕೇಳಬೇಕಾದ ಪದ ಒಂದೇ: ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯವರು ಬರೆದುಕೊಡುವ ಉತ್ತರ. ‘ಕೊಡಲು ಬರುವುದಿಲ್ಲ ಎಂದಾದರೆ ಕಾರಣ ಬರೆದು ಹಿಂಬರಹ ಕೊಡಿ ಸರ್’ ಎನ್ನಿ. ನಿಜವಾದ ಕಾರಣವಿದ್ದವರು ಬರೆದುಕೊಡುತ್ತಾರೆ. ಇಲ್ಲದವರು ಬಹುಮಟ್ಟಿಗೆ ಕಡತವನ್ನು ಕೈಗೆತ್ತಿಕೊಳ್ಳುತ್ತಾರೆ.

ಅರ್ಜಿ ಕೊಟ್ಟಾಗ ‘ಸಕಾಲ’ ಎಂಬ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ವ್ಯವಸ್ಥೆಯ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಸಿಕ್ಕಿತ್ತೇ, ಹುಡುಕಿ ನೋಡಿ. 2011ರ ಸಕಾಲ ಕಾಯ್ದೆಯಡಿ ಪ್ರತಿ ಸೇವೆಗೂ ಇಷ್ಟು ದಿನ ಎಂಬ ಗಡುವಿದೆ, ಆ ಗಡುವಿನ ದಿನಾಂಕ ಸ್ವೀಕೃತಿಯಲ್ಲೇ ಇರುತ್ತದೆ. ಸಂಖ್ಯೆ ಇಲ್ಲದೆ ಕೈಯಲ್ಲಿ ಕಾಗದ ಇಸಿದುಕೊಂಡು ಮೇಜಿನೊಳಗೆ ಇಟ್ಟಿದ್ದರೆ ಗಡುವು ಶುರುವೇ ಆಗಿಲ್ಲ. ಇವತ್ತೇ ಹೊಸದಾಗಿ ಅರ್ಜಿ ಹಾಕಿ ಸಂಖ್ಯೆ ಪಡೆಯಿರಿ. ಗಡುವು ಮೀರಿದರೆ ಅಥವಾ ತಿರಸ್ಕರಿಸಿದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ತಡಮಾಡಿದ ನೌಕರರಿಂದಲೇ ವಸೂಲು ಮಾಡುತ್ತಾರೆ. ಮೊತ್ತ ಸಣ್ಣದು. ಆದರೆ ಯಾರ ಮೇಜಿನಲ್ಲಿ ತಡವಾಯಿತು ಎಂಬುದು ಹೆಸರಿನೊಂದಿಗೆ ದಾಖಲಾಗುತ್ತದೆ, ಯಾವ ನೌಕರನಿಗೂ ಅದು ಬೇಡ.

ಗಡುವಿನ ಹಿಂದಿನ ದಿನ ‘ದಾಖಲೆ ಕೊರತೆ’ ಎಂದು ಅರ್ಜಿ ವಾಪಸ್ ಬರುವುದು ಸಾಮಾನ್ಯ. ಹಿರಿಯರ ದಾಖಲೆಗಳಲ್ಲಿ ಎರಡು ಕಡೆ ಹೊಂದಿಕೆ ತಪ್ಪಿರುತ್ತದೆ: ಒಂದರಲ್ಲಿ ಇನಿಷಿಯಲ್ ಇದ್ದರೆ ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು, ಹುಟ್ಟಿದ ತಾರೀಖು ಗೊತ್ತಿಲ್ಲದ್ದರಿಂದ ಒಂದರಲ್ಲಿ ಬರೀ ಇಸವಿ, ಇನ್ನೊಂದರಲ್ಲಿ ಜನವರಿ 1. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿದ ಮೇಲೆಯೇ ಅರ್ಜಿ ಹಾಕಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ (ಕಚೇರಿಗೆ ಬಂದ ಕಾಗದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ. ಕಚೇರಿಯ ಟಪಾಲು ವಿಭಾಗದವರು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಇದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ‘ನಮ್ಮ ಕೆಲಸ ಯಾಕೆ ಮಾಡಿಲ್ಲ’ ಎಂದು ಬರೆಯಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ‘ಇಂಥ ತಾರೀಖಿನ, ಇಂಥ ಆವಕ ಸಂಖ್ಯೆಯ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮದ ದಿನವಹಿ ವಿವರ, ಅದು ಯಾವ ಸಿಬ್ಬಂದಿಯ ಬಳಿ ಎಂದಿನಿಂದ ಎಂದಿನವರೆಗೆ ಇತ್ತು ಎಂಬುದು, ಅವರ ಹೆಸರು ಮತ್ತು ಪದನಾಮ, ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಒದಗಿಸಿ’ ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಾರಣವಿಲ್ಲದೆ ತಡಮಾಡಿದರೆ ಮಾಹಿತಿ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

‘ಏನಾದರೂ ನೋಡಿಕೊಳ್ಳಿ’ ಎಂದು ಹಣ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರನ್ನು ಕಾಣಿ. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೂ 7 ದಿನದೊಳಗೆ ತಿಳಿಸಿದರೆ ಕೊಟ್ಟವರಿಗೆ ರಕ್ಷಣೆಯಿದೆ, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಲ್ಲಿ ಹಾಗಿದೆ. ಆ ಏಳು ದಿನ ಮೀರಿಸಬೇಡಿ.

ಗದರುವವರ ವಿಷಯ. ವಯಸ್ಸಾದವರ ಕಿವಿಗೆ ಮೊದಲು ತಪ್ಪುವುದು ಮೇಲಿನ ಶ್ರುತಿಯ ತೆಳು ದನಿಗಳು: ಸ, ಶ, ತ, ಕ. ಮಾತು ಕೇಳುತ್ತದೆ, ಪದ ಬಿಡಿಸಿಕೊಳ್ಳಲು ಆಗುವುದಿಲ್ಲ. ಕೂಗಿದರೆ ಪದಗಳು ಇನ್ನಷ್ಟು ಒಡೆಯುತ್ತವೆ. ಎಷ್ಟೋ ಸಿಬ್ಬಂದಿಗೆ ಇದು ತಿಳಿದಿಲ್ಲ, ಗಾಜಿನ ಹಿಂದೆ ತಲೆ ತಗ್ಗಿಸಿ ಮಾತಾಡುತ್ತಾರೆ. ‘ಮುಖ ನೋಡಿ ನಿಧಾನವಾಗಿ ಹೇಳಿ, ಅವರಿಗೆ ಅರ್ಥವಾಗುತ್ತದೆ’ ಎಂದು ನೀವು ಮೊದಲೇ ಹೇಳಿದರೆ ಅರ್ಧ ಸಿಡುಕು ಅಲ್ಲೇ ತಣ್ಣಗಾಗುತ್ತದೆ. ಆಮೇಲೂ ಅವಮಾನ ಮಾಡಿದರೆ ಹೆಸರು, ಪದನಾಮ, ತಾರೀಖು, ಸಮಯ ಬರೆದುಕೊಂಡು ತಹಶೀಲ್ದಾರರಿಗೆ ದೂರು ಕೊಡಿ. ಹಿರಿಯರಿಗೆ ಸಲಹೆ ಕೊಡುವ 14567 ಸಹಾಯವಾಣಿಯೂ ಇದೆ, ಅಪ್ಪ ತಾವೇ ಕರೆ ಮಾಡಿ ಮಾತಾಡಬಹುದು.

ಮೇಲ್ಮನವಿ, ಮಾಹಿತಿ ಹಕ್ಕು, ಓಂಬುಡ್ಸ್‌ಮನ್ ದೂರು ಯಾವುದಕ್ಕೂ ಅವರು ಕಚೇರಿಗೆ ಹೋಗಬೇಕಿಲ್ಲ, ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಉಳಿದದ್ದನ್ನು ಅಂಚೆಯಲ್ಲೋ ಆನ್‌ಲೈನಿನಲ್ಲೋ ನೀವೇ ಕಳಿಸಬಹುದು. ಅವರು ಖುದ್ದಾಗಿ ಹೋಗಬೇಕಾದದ್ದು ಆಧಾರ್ ಕೇಂದ್ರಕ್ಕೆ, ಅದೂ ಒಂದು ಸಲ. ಮುಂಚೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಹೊರಡುವ ಮುನ್ನ ಬೆಚ್ಚನೆ ನೀರಿನಲ್ಲಿ ಅವರ ಕೈ ತೊಳೆಸಿ ಕರೆದೊಯ್ಯಿರಿ.