ಅಳಿಯನೂ ಮೊಮ್ಮಗನೂ ಒಬ್ಬನೇ!

ಪ್ರಶ್ನೆ: ಜಪಾನಿನ ಆಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಫುಜಿವಾರ ನೊ ಫುಹಿತೊ ಚಕ್ರವರ್ತಿಯೇನೂ ಆಗಿರಲಿಲ್ಲ. ಆದರೂ ಅವರ ಮನೆತನ ಅರಮನೆಯಲ್ಲಿ ಬೇರು ಬಿಟ್ಟಿದ್ದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಕಾನೂನು ಬರೆಯುವುದು, ಹೆಣ್ಣು ಕೊಡುವುದು. ಎರಡರಲ್ಲೂ ಆಸಾಮಿ ಪಳಗಿದವರು. ಹುಟ್ಟಿದ್ದು 659ರಲ್ಲಿ. ಫುಜಿವಾರ ಎಂಬ ಹೆಸರು ಬಂದಿದ್ದು ಅಪ್ಪ ಕಮತಾರಿಗೆ, ಅದೂ ಸಾಯುವ ಹೊತ್ತಿಗೆ. 698ರಲ್ಲಿ ಆಜ್ಞೆ ಹೊರಟಿತು: ಆ ಹೆಸರು ಫುಹಿತೊ ಸಂತತಿಗೆ ಮಾತ್ರ. ಉಳಿದ ದಾಯಾದಿಗಳು ಹಳೇ ನಕತೊಮಿ ಹೆಸರಿಗೇ ವಾಪಸ್! 701ರ ತೈಹೊ ಕಾನೂನು ಸಂಹಿತೆಯಲ್ಲೂ ಇವರ ಕೈಯಿದೆ.

ಮದುವೆಗಳ ಕಥೆ ಇನ್ನೂ ಮಜಾ. ಮಗಳು ಮಿಯಾಕೊಳನ್ನು ಚಕ್ರವರ್ತಿ ಮೊಮ್ಮುಗೆ ಕೊಟ್ಟರು. 701ರಲ್ಲಿ ಹುಟ್ಟಿದ ಮೊಮ್ಮಗನೇ ಮುಂದೆ ಚಕ್ರವರ್ತಿ ಶೋಮು. ಅವನಿಗೆ ಮಿಯಾಕೊಳ ಮಲತಂಗಿ ಕೋಮ್ಯೊಳನ್ನು ತಂದರು. ಅಂದರೆ ಚಿಕ್ಕಮ್ಮನೇ ಹೆಂಡತಿ! ವಯಸ್ಸು ಮಾತ್ರ ಸಮ. ಅವಳೂ 701ರಲ್ಲೇ ಹುಟ್ಟಿದವಳು. 729ರಲ್ಲಿ ಪಟ್ಟದ ರಾಣಿಯಾದಳು. ಅದನ್ನು ನೋಡಲು ಅಪ್ಪ ಇರಲಿಲ್ಲ, 720ರಲ್ಲೇ ತೀರಿಕೊಂಡಿದ್ದರು.

ನನಗೆ ಅಯ್ಯೋ ಅನ್ನಿಸುವುದು ಮಿಯಾಕೊ ಬಗ್ಗೆ. ಹೆರಿಗೆಯಾದ ಮೇಲೆ ಮನಸ್ಸು ಕುಗ್ಗಿಹೋಯಿತು. ಮಗನ ಮುಖ ನೋಡಿದ್ದೇ 737ರಲ್ಲಿ, ಗೆನ್ಬೊ ಎಂಬ ಬೌದ್ಧ ಭಿಕ್ಷು ಆರೈಕೆ ಮಾಡಿದ ಮೇಲೆ. ಆಗ ಮಗನಿಗೆ 35 ದಾಟಿತ್ತು. ಇಂಥದ್ದಕ್ಕೆ ಅರಮನೆ ಸುಖ ಅಂತಾರೆ, ನೋಡಿ.

ಅದೇ ವರ್ಷ ಸಿಡುಬು ಫುಹಿತೊ ಅವರ ನಾಲ್ಕೂ ಗಂಡುಮಕ್ಕಳನ್ನು ಒಯ್ದಿತು. ಆದರೂ ಮನೆತನ ಮುಳುಗಲಿಲ್ಲ. ಎರಡನೇ ಮಗ ಫುಸಸಾಕಿಯ ಕವಲಿನಲ್ಲೇ ಮುಂದೆ ಆಸ್ಥಾನವನ್ನೇ ಕೈಯಲ್ಲಿಟ್ಟುಕೊಂಡ ಮಿಚಿನಾಗ ಹುಟ್ಟಿದ್ದು. ಅವನೂ ಹೆಣ್ಣುಮಕ್ಕಳನ್ನು ಅರಮನೆಗೇ ಕೊಟ್ಟ.